ಸವಣೂರಿನ ಹಿತ್ತಿಲಿಗೆ ಬ್ರಸೆಲ್ಸ್ ಕೋಸು ಒಗ್ಗೀತೆ?

ಸವಣೂರು ಎಂದೊಡನೆ ಹಾವೇರಿ, ಧಾರವಾಡದ ಕಡೆಯವರಿಗೆ ಮೊದಲು ನೆನಪಾಗುವುದು ಖಾರ, ಆಮೇಲೆ ವೀಳ್ಯದೆಲೆ. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಈ ಊರು ಈಗ ಹಾವೇರಿ ಜಿಲ್ಲೆಯ ತಾಲೂಕು ಕೇಂದ್ರ. ಆದರೆ ವಿಜ್ಞಾನ ಓದುವ ಮಕ್ಕಳಿಗೆ ಇಲ್ಲಿ ಇನ್ನೊಂದು ಆಕರ್ಷಣೆಯಿದೆ. ಹೊರಗಿನಿಂದ ಬಂದ ಗಿಡವೊಂದು ನಮ್ಮ ನೆಲದಲ್ಲಿ ಏಕೆ ಬಾಳುತ್ತದೆ, ಮತ್ತೊಂದು ಏಕೆ ಸೋಲುತ್ತದೆ ಎಂಬುದನ್ನು ಒಂದೇ ದಿನದ ಸುತ್ತಾಟದಲ್ಲಿ ಇಲ್ಲಿ ಕಲಿಯಬಹುದು.

ಈ ಪಾಠ ಇಂದು ಅಗತ್ಯವೂ ಹೌದು. ಪರದೇಶದ ತರಕಾರಿಗಳ ಬೀಜದ ಪೊಟ್ಟಣಗಳು ಈಗ ಮನೆಬಾಗಿಲಿಗೇ ಬರುತ್ತವೆ. ನಿಂಬೆಹಣ್ಣಿನಷ್ಟೇ ಗಾತ್ರದ ಪುಟ್ಟ ಕೋಸುಗಳು ಕಾಂಡದ ತುಂಬ ಅಂಟಿಕೊಂಡಿರುವ ಬ್ರಸೆಲ್ಸ್ ಕೋಸಿನ ಚಿತ್ರ ಕಂಡರೆ ಯಾವ ಮಗುವಿಗೆ ಆಸೆಯಾಗದು? ಬೀಜ ಮೊಳೆಯುತ್ತದೆ, ಗಿಡ ಸೊಂಪಾಗಿ ಎಲೆ ಬಿಡುತ್ತದೆ, ಆದರೆ ಕೋಸು ಮಾತ್ರ ಕಟ್ಟುವುದಿಲ್ಲ. ‘ನಿನಗೆ ಕೈಗುಣವಿಲ್ಲ, ಓದಿನ ಕಡೆ ಲಕ್ಷ್ಯ ಕೊಡು’ ಎಂದು ಹಿರಿಯರು ಗದರುತ್ತಾರೆ. ಮಗು ಮತ್ತೆ ಮಣ್ಣು ಮುಟ್ಟುವುದಿಲ್ಲ. ತಪ್ಪು ನಿಜವಾಗಿ ಕೈಯದೇ?

ಉತ್ತರಕ್ಕೆ ಮೊದಲು ಸವಣೂರಿನ ದೊಡ್ಡಹುಣಸೆ ಮಠಕ್ಕೆ ಹೋಗಬೇಕು. ಅಲ್ಲಿನ ಮೂರು ದೈತ್ಯ ಮರಗಳ ಬುಡವನ್ನು ಹತ್ತಾರು ಮಕ್ಕಳು ಕೈಕೈ ಹಿಡಿದು ನಿಂತೇ ಬಳಸಬೇಕು. ಕಾಯಿಯ ತಿರುಳು ಹುಳಿಯಾದ್ದರಿಂದ ಜನ ಇದನ್ನು ದೊಡ್ಡಹುಣಸೆ ಎಂದರು. ಆದರೆ ಇದು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಸಸ್ಯಶಾಸ್ತ್ರದ ಹೆಸರು ಅಡನ್ಸೋನಿಯಾ ಡಿಜಿಟೇಟಾ. ಕೆಲವು ತಿಂಗಳು ಮಳೆ, ಉಳಿದಂತೆ ಒಣಹವೆ ಎಂಬ ಆಫ್ರಿಕಾದ ಬಯಲಿನ ಋತುಮಾನವನ್ನೇ ಹೋಲುವ ಹವೆ ಇಲ್ಲಿಯೂ ಇದೆ. ಮರ ದಪ್ಪ ಕಾಂಡದಲ್ಲಿ ನೀರು ಹಿಡಿದಿಟ್ಟು, ಬೇಸಿಗೆಗೆ ಎಲೆ ಉದುರಿಸಿ ಕಾಲ ಕಳೆಯುತ್ತದೆ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಮರ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಡಲಾಯಿತು. ಹೊರನಾಡಿನ ಗಿಡವಾದರೂ ಹವೆ ಹೊಂದಿದರೆ ಶತಮಾನಗಳ ಕಾಲ ಬಾಳುತ್ತದೆ ಎಂಬುದು ಮೊದಲ ಪಾಠ.

ಎರಡನೆಯ ಪಾಠ ಎಲೆತೋಟದಲ್ಲಿದೆ. ವೀಳ್ಯದೆಲೆ ಬಳ್ಳಿ ಕರಿಮೆಣಸಿನ ಹತ್ತಿರದ ಸಂಬಂಧಿ. ಅದಕ್ಕೆ ನೆರಳು ಬೇಕು, ಗಾಳಿಯಲ್ಲಿ ತೇವ ಬೇಕು. ಬಯಲುಸೀಮೆಯ ಬಿಸಿಲು ಅದಕ್ಕೆ ವೈರಿ. ಆದರೂ ಸವಣೂರಿನ ಎಲೆ ದೂರದ ಪೇಟೆಗಳಲ್ಲಿ ಹೆಸರು ಮಾಡಿತು. ಎಲೆಬಳ್ಳಿ ಬೆಳೆಯುವ ರೈತರು ನುಗ್ಗೆ, ಚೊಗಚೆಯಂಥ ಗಿಡಗಳನ್ನು ಒತ್ತಾಗಿ ಬೆಳೆಸಿ ಬಳ್ಳಿ ಹಬ್ಬಿಸುತ್ತಾರೆ, ಮೇಲಿಂದ ಮೇಲೆ ನೀರು ಹಾಯಿಸುತ್ತಾರೆ. ಎಲೆಗಳಿಂದ ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುವುದರಿಂದ ತೋಟದ ಒಳಗೆ ತಂಪು ನಿಲ್ಲುತ್ತದೆ. ಹವೆ ಹೊಂದದಿದ್ದರೆ ಅಲ್ಪಸ್ವಲ್ಪ ನಾವೇ ಹೊಂದಿಸಬಹುದು. ಆದರೆ ಅದಕ್ಕೆ ನೀರು ಬೇಕು, ದುಡಿಮೆ ಬೇಕು.

ಈಗ ಬ್ರಸೆಲ್ಸ್ ಕೋಸಿಗೆ ಬರೋಣ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರಸೆಲ್ಸ್ ಕೋಸು ಇವೆಲ್ಲ ಒಂದೇ ಜಾತಿಯ ಸಸ್ಯಗಳು. ಯುರೋಪಿನ ಕಡಲಂಚಿನ ಒಂದು ಕಾಡುಗಿಡದಿಂದ ರೈತರು ಇವನ್ನು ಆಯ್ದು ಬೆಳೆಸಿದರು. ಎಲೆಕೋಸಿನಲ್ಲಿ ಉಬ್ಬುವುದು ತುದಿಮೊಗ್ಗು, ನವಿಲುಕೋಸಿನಲ್ಲಿ ಕಾಂಡ, ಬ್ರಸೆಲ್ಸ್ ಕೋಸಿನಲ್ಲಿ ಎಲೆಕಂಕುಳಿನ ಮೊಗ್ಗುಗಳು. ಈ ಮೊಗ್ಗುಗಳು ಬಿಗಿಯಾಗಲು 15ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು ವಾರಗಟ್ಟಲೆ ಬೇಕು. ಅದಕ್ಕೇ ಭಾರತದಲ್ಲಿ ಇದು ನೀಲಗಿರಿ, ಹಿಮಾಚಲದಂಥ ಮಲೆಗಳ ಬೆಳೆ. ಸವಣೂರಿನಲ್ಲಿ ಜನವರಿಯ ರಾತ್ರಿ ಚಳಿಯಿದ್ದರೂ ಹಗಲು 30 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಮೊಗ್ಗು ಬಿಗಿಯುವ ಬದಲು ಅರಳಿಬಿಡುತ್ತದೆ. ಇದರಲ್ಲಿ ಕೈಗುಣದ ಮಾತೆಲ್ಲಿ ಬಂತು?

ಆದರೂ ಪ್ರಯೋಗಕ್ಕೆಂದು ನಾಲ್ಕು ಗಿಡ ಬೆಳೆಸಿ ನೋಡುವುದರಲ್ಲಿ ತಪ್ಪಿಲ್ಲ. ಸೆಪ್ಟೆಂಬರಿನಲ್ಲಿ ಸಸಿ ಮಾಡಿ, ನಾಲ್ಕೈದು ವಾರದ ಸಸಿಗಳನ್ನು ಒಂದೂವರೆಯಿಂದ ಎರಡು ಅಡಿ ಅಂತರದಲ್ಲಿ ನಾಟಿ ಮಾಡಬೇಕು. ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗ ಒಳ್ಳೆಯದು. ಕೊಟ್ಟಿಗೆ ಗೊಬ್ಬರ ಹಾಕಿ, ಬುಡಕ್ಕೆ ಒಣಹುಲ್ಲು ಹೊದಿಸಿದರೆ ತೇವ ಉಳಿಯುತ್ತದೆ. ಸುತ್ತ ಸಾಸಿವೆ ಬಿತ್ತಿದರೆ ಕೋಸಿಗೆ ಬರುವ ಪತಂಗ ಅದರ ಕಡೆ ಸೆಳೆಯಲ್ಪಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎಲೆಕೋಸಿಗೆ ಈ ಉಪಾಯವನ್ನು ಶಿಫಾರಸು ಮಾಡಿದೆ. ಕೋಸು ಬಿಗಿಯದಿದ್ದರೂ ಎಳೆಯ ಎಲೆಗಳನ್ನು ಪಲ್ಯಕ್ಕೆ ಬಳಸಬಹುದು.

ಅದೇ ಸಾಲಿನ ಪಕ್ಕದಲ್ಲಿ ನವಿಲುಕೋಸನ್ನೂ ಹಾಕಬೇಕು. ಅದು ನಾಟಿ ಮಾಡಿದ ಎರಡು ತಿಂಗಳೊಳಗೆ ಗೆಡ್ಡೆ ಕೊಡುತ್ತದೆ. ಮಕ್ಕಳು ಪ್ರತಿದಿನದ ಉಷ್ಣತೆಯನ್ನು, ಮೊಗ್ಗಿನ ಗಾತ್ರವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಗಿಡ ಸೋತರೆ ಪಾಲಕರು ಮಗುವನ್ನು ಬೈಯದೆ ಆ ಪುಸ್ತಕವನ್ನು ಜೊತೆಗೆ ಕುಳಿತು ಓದಲಿ. ಬರಿಯ ಎಲೆ ಬಿಟ್ಟ ಗಿಡವೂ ಏಕೆ ಹಾಗಾಯಿತೆಂದು ಹೇಳಿಕೊಟ್ಟರೆ, ಮುಂದಿನ ವರ್ಷ ಆ ಮಗು ಬೀಜದ ಪೊಟ್ಟಣ ಕೊಳ್ಳುವ ಮೊದಲು ತನ್ನ ಊರಿನ ಹವೆಯನ್ನು ಕೇಳಿಕೊಳ್ಳುತ್ತದೆ.