ಒಂದು ಕಿವಿಯವನ ಸ್ಟೀರಿಯೋ

ಮನುಷ್ಯನಿಗೆ ಬಾಯಿ ಒಂದು, ಕಿವಿ ಎರಡು. ಆಡುವುದಕ್ಕಿಂತ ಹೆಚ್ಚು ಕೇಳಬೇಕೆಂದೇ ದೇವರು ಹೀಗೆ ಮಾಡಿದನೆಂದು ಹಿರಿಯರು ಹೇಳುತ್ತಾರೆ. ಆ ಲೆಕ್ಕದಲ್ಲಿ ನನ್ನ ಪಾಲಿಗೆ ಬಂದುದು ಅರ್ಧ ಮಾತ್ರ. ಬಾಲ್ಯದಲ್ಲಿ ಸೋರಿ ಸೋರಿ ಎಡಗಿವಿ ಕೆಟ್ಟಿತು. ಗಡಹಿಂಗ್ಲಜದ ಕಡೆಯ ಹಳ್ಳಿಯೊಂದರಲ್ಲಿ ಅಕ್ಷರ ಕಲಿಸುವ ನನಗೆ ಈಗ ಬಲಗಿವಿಯೊಂದೇ ಆಧಾರ. ಇಂಥವನು ಸಂಗೀತದ, ಅದರಲ್ಲಿಯೂ ಆಂಗ್ಲರ ರಾಕ್ ಸಂಗೀತದ ಮಾತೆತ್ತಿದರೆ ವಾಚಕರು ನಕ್ಕಾರು. ನಗಲಿ, ಆದರೆ ಕೇಳಲಿ.

ಇಚಲಕರಂಜಿಯಲ್ಲಿರುವ ನನ್ನ ಸೋದರಮಾವನ ಮಗನಿಗೆ ಹಗಲೆಲ್ಲ ಪವರ್‌ಲೂಮಿನ ಸಪ್ಪಳ, ರಾತ್ರಿ ಬೀಟಲ್ಸರ ಹಾಡು. ಅವನು ೧೯೬೫ರ ‘ರಬ್ಬರ್ ಸೋಲ್’ ಆಲ್ಬಮ್ಮಿನ ಸ್ಟೀರಿಯೋ ಪ್ರತಿಯನ್ನು ಹೆಡ್‌ಫೋನಿನಲ್ಲಿ ಕೇಳಿಸಿದ. ನನಗೆ ಕೇಳಿದ್ದು ಬಹುಮಟ್ಟಿಗೆ ಬರಿಯ ಕೊರಳು. “ತಿರುವಿ ಹಾಕ್ಕೋರಿ, ಭಾವಾ” ಎಂದ. ಹಾಕಿಕೊಂಡೆ. ಗಿಟಾರು, ಡ್ರಮ್ಮುಗಳು ಬಂದವು. ಹಾಡುವವರು ಎದ್ದು ಹೋದರು!

ಇದರ ಕಾರಣ ಸ್ವಾರಸ್ಯವಾಗಿದೆ. ಆ ಕಾಲದಲ್ಲಿ ಮಾನೋ, ಎಂದರೆ ಒಂದೇ ಧಾರೆಯ ಧ್ವನಿಯೇ ಮುಖ್ಯ. ೧೯೬೩ರ ಅವರ ಮೊದಲ ಆಲ್ಬಮ್ಮುಗಳನ್ನು ಎರಡು ಟ್ರ್ಯಾಕಿನ ಟೇಪಿನಲ್ಲಿ ಹಿಡಿದರು: ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ಕೊರಳು. ಎರಡನ್ನೂ ಹದವಾಗಿ ಬೆರೆಸಿ ಒಂದಾಗಿಸುವುದೇ ಉದ್ದೇಶ. ಸ್ಟೀರಿಯೋ ಬೇಕಾದಾಗ ವಾದ್ಯವನ್ನು ಎಡಕ್ಕೂ ಕೊರಳನ್ನು ಬಲಕ್ಕೂ ಬಿಟ್ಟರು. ‘ರಬ್ಬರ್ ಸೋಲ್’ ವೇಳೆಗೆ ಟ್ರ್ಯಾಕುಗಳು ನಾಲ್ಕಾಗಿದ್ದರೂ ಹಂಚಿಕೆ ಹೆಚ್ಚುಕಡಿಮೆ ಅದೇ ಉಳಿಯಿತು. ಅತ್ತ ಅಮೆರಿಕೆಯಲ್ಲಿ ಕ್ಯಾಪಿಟಲ್ ಕಂಪನಿಯು ಕೆಲವು ಮಾನೋ ಹಾಡುಗಳನ್ನು ಸೀಳಿ, ತಾರಧ್ವನಿಯನ್ನು ಒಂದು ಬದಿಗೂ ಮಂದ್ರವನ್ನು ಇನ್ನೊಂದಕ್ಕೂ ಕಳಿಸಿ, ‘ಡುಯೋಫೋನಿಕ್’ ಎಂಬ ಹುಸಿ ಸ್ಟೀರಿಯೋ ಮಾಡಿತು. ಹೀಗೆ ಒಂದೇ ಹಾಡು ಸೀಮೆ ದಾಟಿದೊಡನೆ ಬೇರೆಯಾಯಿತು.

ವ್ಯತ್ಯಾಸ ಬದಿಗಳದ್ದಷ್ಟೇ ಅಲ್ಲ. ೧೯೬೭ರ ‘ಶೀ ಈಸ್ ಲೀವಿಂಗ್ ಹೋಮ್’ ಮಾನೋದಲ್ಲಿ ತುಸು ವೇಗವಾಗಿಯೂ ಸುಮಾರು ಅರ್ಧ ಸ್ವರ ಮೇಲಕ್ಕೂ ಇದೆ. ೧೯೬೮ರ ‘ಹೆಲ್ಟರ್ ಸ್ಕೆಲ್ಟರ್’ ಸ್ಟೀರಿಯೋದಲ್ಲಿ ಮುಗಿಯುವಾಗ ರಿಂಗೋ ಬೆರಳುಗಳಲ್ಲಿ ಬೊಬ್ಬೆ ಎದ್ದವೆಂದು ಕೂಗುತ್ತಾನೆ. ಮಾನೋದಲ್ಲಿ ಆ ಕೂಗಿಲ್ಲ. ಯಾವುದು ನಿಜವಾದ ಹಾಡು? ಬಲ್ಲವರು ವಾದಿಸಲಿ. ನನಗೆ ಮಾತ್ರ ಮಾನೋ ಪ್ರತಿಯೇ ಪೂರ್ಣ ಪ್ರತಿ. ೨೦೦೯ರಲ್ಲಿ ಆ ಮಾನೋ ಪ್ರತಿಗಳು ಸೀಡಿಯಾಗಿ ಒಟ್ಟಿಗೆ ಹೊರಬಂದುದು ನನ್ನಂಥವರ ಪುಣ್ಯ. ಇಂದಿನ ಮೊಬೈಲುಗಳಲ್ಲಿ ಎರಡು ಧಾರೆಗಳನ್ನು ಕೂಡಿಸುವ ವ್ಯವಸ್ಥೆಯೂ ಉಂಟು. ಆದರೆ ಹಾಗೆ ಕೂಡಿಸಿದಾಗ ನಡುವಿನ ದನಿ ಮುನ್ನುಗ್ಗಿ ಬದಿಯವು ಹಿಂದೆ ಸರಿಯುತ್ತವೆ. ಕೂಡಿಸುವುದು ಬೇರೆ, ಹದಗೊಳಿಸುವುದು ಬೇರೆ.

ತರಗತಿಯಲ್ಲಿಯೂ ಹೀಗೆಯೇ. ನನ್ನ ಎಡಸಾಲಿನ ಹುಡುಗಿಯೊಬ್ಬಳ ಮನೆಮಾತು ಕನ್ನಡ, ಪುಸ್ತಕ ಮರಾಠಿ. ತಪ್ಪಾದೀತೆಂಬ ಅಂಜಿಕೆಯಿಂದ ಮೆಲ್ಲಗೆ ಉತ್ತರಿಸುತ್ತಾಳೆ. ‘ಗಟ್ಟಿಯಾಗಿ ಹೇಳು’ ಎಂದರೆ ಅವಳಿಗೆ ಅದು ಗದರಿಕೆ. ಮತ್ತೆ ಬಾಯಿ ಬಿಡಳು. ಅದಕ್ಕೇ ನಾನು ಎಡಗೋಡೆಗೆ ಸರಿದು ನಿಂತು ಪಾಠ ಮಾಡುತ್ತೇನೆ. ಆಗ ಮಕ್ಕಳೆಲ್ಲರೂ ನನ್ನ ಬಲಕ್ಕೆ ಬರುತ್ತಾರೆ. ಅವಳಂತೂ ತೀರ ಹತ್ತಿರ. ಈಗ ಅವಳು ಕೇಳದೆಯೇ ಉತ್ತರ ಹೇಳುವುದುಂಟು.

ನಮ್ಮ ಮುದುಕಿಯರ ಬೀಸುವ ಹಾಡುಗಳನ್ನು ಧ್ವನಿಮುದ್ರಿಸಬೇಕೆಂಬ ಮಾತು ಕೊಲ್ಲಾಪುರದ ಗೆಳೆಯರಲ್ಲಿ ನಡೆದಿದೆ. ಸ್ಟೀರಿಯೋ ಅವಶ್ಯ ಮಾಡಿರಿ. ಆದರೆ ಕಲ್ಲಿನ ಸದ್ದನ್ನು ಒಂದು ಬದಿಗೂ ಕೊರಳನ್ನು ಇನ್ನೊಂದಕ್ಕೂ ಅಗಲಿಸಬೇಡಿರಿ. ಜತೆಗೆ ಹದವಾದ ಮಾನೋ ಪ್ರತಿಯೊಂದನ್ನೂ ಇಡಿರಿ. ಹಾಡಿದ ಅಜ್ಜಿಯರಲ್ಲಿಯೇ ಎಷ್ಟು ಜನರಿಗೆ ಎರಡೂ ಕಿವಿ ನೆಟ್ಟಗಿದ್ದಾವು?