ಗರ್ಭದ ಅಳತೆಯೂ ಗೃಹಸ್ಥಧರ್ಮವೂ

ಚಿಂತೆಯೆಂಬುದು ಎಲ್ಲ ಕಾಲಕ್ಕೂ ದೋಷವಲ್ಲ. ಕರ್ತವ್ಯವನ್ನು ತೋರಿಸುವ ಚಿಂತೆ ವಿವೇಕದ ಆರಂಭ. ಕರ್ತವ್ಯವನ್ನು ಮರೆಸುವ ಚಿಂತೆ ಆರ್ತಧ್ಯಾನ. ಇವೆರಡರ ಅಂತರ ಸ್ಪಷ್ಟವಾಗಿ ಕಾಣುವ ಸಂದರ್ಭವೊಂದಿದೆ. ಎಂಟು ತಿಂಗಳು ತುಂಬಿದ ಬಸುರಿಯ ಹೊಟ್ಟೆಯನ್ನು ಅಳೆದು, "ದಿನಕ್ಕೆ ತಕ್ಕಂತೆ ಕೂಸು ಬೆಳೆದಿಲ್ಲ" ಎಂದು ಹೇಳಿದ ಗಳಿಗೆಯೇ ಅದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳಲ್ಲಿ ಈ ಮಾತನ್ನು ಕೇಳದ ಹಿರಿಯರು ವಿರಳ. ಕೇಳಿದೊಡನೆ ಮನೆಮಂದಿಯೆಲ್ಲ ಚಿಂತೆಗೆ ಬೀಳುತ್ತಾರೆ. ಆ ಚಿಂತೆ ಯಾವ ಜಾತಿಯದು ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ವ್ಯಾಪಾರದಿಂದ ಜೀವನ ಸಾಗಿಸುವ ಶ್ರಾವಕನಿಗೆ ಅಳತೆಯ ವಿಷಯ ಹೊಸದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ, ಕೊಡುವುದಕ್ಕೊಂದು ಕೊಳ್ಳುವುದಕ್ಕೊಂದು ಅಳತೆ ಇಡುವುದನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಅಂಗಡಿಯಲ್ಲಿ ಈ ದೋಷಕ್ಕೆ ಅಂಜುವವನು ಮನೆಯಲ್ಲಿ ಅಂಜುತ್ತಾನೆಯೇ ಎಂಬುದು ವಿಚಾರಾರ್ಹ. ಅದಕ್ಕೆ ಮೊದಲು ಗರ್ಭದ ಅಳತೆ ಎಂದರೇನು ಎಂಬುದನ್ನು ತಿಳಿಯಬೇಕು.

ಸುಮಾರು 24 ವಾರಗಳಾದ ಮೇಲೆ ಹೊಟ್ಟೆಯ ಕೆಳಗಿನ ಎಲುಬಿನಿಂದ ಗರ್ಭಕೋಶದ ನೆತ್ತಿಯವರೆಗೆ ಟೇಪು ಹಿಡಿದರೆ ಎಷ್ಟು ಸೆಂಟಿಮೀಟರ್ ಬರುವುದೋ, ಬಸುರಿಗೆ ಹೆಚ್ಚುಕಡಿಮೆ ಅಷ್ಟು ವಾರಗಳಾಗಿರುತ್ತವೆ. ಮೂರು ಸೆಂಟಿಮೀಟರಿಗಿಂತ ಹೆಚ್ಚು ಕಡಿಮೆ ಬಂದರೆ ಮುಂದಿನ ಪರೀಕ್ಷೆ ಅವಶ್ಯ. ಆದರೆ ಟೇಪಿನ ಲೆಕ್ಕ ತಪ್ಪಲು ಕಾರಣಗಳು ಹಲವು. ಮುಟ್ಟಿನ ತಾರೀಖು ನೆನಪಿಲ್ಲದಿದ್ದರೆ ವಾರಗಳ ಎಣಿಕೆಯೇ ತಪ್ಪುತ್ತದೆ. ಕೂಸು ಅಡ್ಡವಾಗಿ ಮಲಗಿದ್ದರೂ, ಅದರ ತಲೆ ಕೆಳಗೆ ಇಳಿದಿದ್ದರೂ, ಗರ್ಭಜಲ ಕಡಿಮೆಯಿದ್ದರೂ ಅಳತೆ ಕಡಿಮೆ ಬರುತ್ತದೆ. ಸ್ಕ್ಯಾನಿಂಗಿನಲ್ಲಿ ತಲೆ, ಹೊಟ್ಟೆ, ತೊಡೆಯೆಲುಬುಗಳನ್ನು ಅಳೆದು ತೂಕವನ್ನು ಅಂದಾಜು ಮಾಡುತ್ತಾರೆ. ಅದೂ ಅಂದಾಜೇ, ನಿಜವಾದ ತೂಕ 100ಕ್ಕೆ 10ರಿಂದ 15ರಷ್ಟು ಆಚೆ ಈಚೆ ಇರಬಹುದು. ಯಂತ್ರ 2 ಕಿಲೊ ಎಂದರೆ ಕೂಸು 1 ಕಿಲೊ 700 ಗ್ರಾಮಿನದೂ ಆಗಿರಬಹುದು, 2 ಕಿಲೊ 300 ಗ್ರಾಮಿನದೂ ಆಗಿರಬಹುದು.

ಇನ್ನೊಂದು ಮಾತು. ಅದೇ ವಾರದ ನೂರು ಶಿಶುಗಳನ್ನು ತೂಕದ ಕ್ರಮದಲ್ಲಿ ನಿಲ್ಲಿಸಿದರೆ ಕೆಳಗಿನ ಹತ್ತಕ್ಕೆ ವೈದ್ಯರು "ಸಣ್ಣ" ಎನ್ನುತ್ತಾರೆ. ನೂರು ಶಿಶುಗಳಲ್ಲಿ ಕೆಳಗಿನ ಹತ್ತು ಎಂಬುದು ಇದ್ದೇ ಇರುತ್ತದೆ. ತಾಯಿತಂದೆಗಳು ಸಣ್ಣ ಮೈಕಟ್ಟಿನವರಾಗಿದ್ದರೆ ಮಗುವೂ ಹಾಗೆಯೇ ಇದ್ದು, ಆರೋಗ್ಯದಿಂದಿರಬಹುದು. ಬೆಳೆಯಬೇಕಾದಷ್ಟು ಬೆಳೆಯದೆ ನಿಂತ ಶಿಶುವಿನ ವಿಷಯ ಬೇರೆ. ಮಾಸಿನ ಮೂಲಕ ರಕ್ತವೂ ಪ್ರಾಣವಾಯುವೂ ಸಾಕಷ್ಟು ದೊರೆಯದಿದ್ದಾಗ ಹಾಗಾಗುತ್ತದೆ, ಅಪಾಯವಿರುವುದು ಅಲ್ಲಿ. ಇವೆರಡನ್ನು ಬೇರ್ಪಡಿಸಲು ಹೊಕ್ಕುಳ ಬಳ್ಳಿಯ ರಕ್ತದ ಹರಿವನ್ನು ಡಾಪ್ಲರ್ ಪರೀಕ್ಷೆಯಿಂದ ನೋಡುತ್ತಾರೆ. ಸಾಮಾನ್ಯವಾಗಿ ಎರಡು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ಒಂದು ದಿನದ ತೂಕಕ್ಕಿಂತ ಎರಡು ತೂಕಗಳ ನಡುವಿನ ಬೆಳವಣಿಗೆ ಹೆಚ್ಚು ಹೇಳುತ್ತದೆ. ಒಂದೇ ದಿನದ ವಹಿವಾಟು ನೋಡಿ ಅಂಗಡಿಯ ಲಾಭನಷ್ಟ ನಿರ್ಣಯಿಸುವ ವ್ಯಾಪಾರಿ ಇಲ್ಲವಷ್ಟೆ.

ಬೈಲಹೊಂಗಲ ತಾಲೂಕಿನ ಒಂದು ಶ್ರಾವಕರ ಮನೆಯ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಸೊಸೆಗೆ ಮೊದಲ ಬಸುರು. ಐದನೆಯ ತಿಂಗಳಿನಲ್ಲಿ ದಶಲಕ್ಷಣ ಪರ್ವ ಬಂದಾಗ ಅವಳು ಹತ್ತೂ ದಿನ ಏಕಾಶನ ಮಾಡಿದಳು. ಬೇಡವೆಂದು ತಡೆದವರು ಯಾರೂ ಇರಲಿಲ್ಲ, ಮೆಚ್ಚಿದವರು ಹಲವರಿದ್ದರು. ಏಳನೆಯ ತಿಂಗಳಿನಲ್ಲಿ ಕುಬಸ ಮುಗಿಸಿ ರಾಮದುರ್ಗದ ಕಡೆಯ ತವರಿಗೆ ಕರೆದೊಯ್ದರು. 34ನೆಯ ವಾರದಲ್ಲಿ ನರ್ಸಬಾಯಿಯವರು ಟೇಪು ಹಿಡಿದಾಗ 30 ಬಂತು. ಸುದ್ದಿ ಎರಡೂ ಮನೆಗಳಿಗೆ ಮುಟ್ಟಿತು. "ಇಲ್ಲಿಂದ ಕಳಿಸುವಾಗ ಹೊಟ್ಟಿ ಚಲೋ ಇತ್ತು" ಎಂದಳು ಅತ್ತೆ. "ಏಳು ತಿಂಗಳತನಕ ನೀರಿನ ಕೊಡ ಹೊರಿಸಿದವರು ಯಾರು?" ಎಂದಳು ತಾಯಿ. ಕಿತ್ತೂರಿನಿಂದ ಬಂದ ಸೋದರತ್ತೆ ಗ್ರಹಣದ ದಿನ ಹೊರಗೆ ಬಂದಿದ್ದಿಯಾ ಎಂದು ಕೇಳಿದಳು. ಸವದತ್ತಿಯಲ್ಲಿ ಕೊಟ್ಟ ನಾದಿನಿ, ತನ್ನ ಕೂಸು ಮೂರು ಕಿಲೊ ಇತ್ತೆಂದು ಫೋನಿನಲ್ಲಿ ತಿಳಿಸಿದಳು. ಬೀಗರಿಬ್ಬರೂ ತಕ್ಕಡಿ ಹಿಡಿದು ಕುಳಿತರು. ಆದರೆ ಅದರಲ್ಲಿ ಇಟ್ಟದ್ದು ಒಬ್ಬರು ಇನ್ನೊಬ್ಬರ ತಪ್ಪನ್ನು. ಹುಡುಗಿ ಮೂರು ರಾತ್ರಿ ನಿದ್ದೆಯಿಲ್ಲದೆ, ತಾನು ಮಾಡಿದ ಪಾಪ ಯಾವುದೆಂದು ಹುಡುಕುತ್ತಿದ್ದಳು.

ಆ ಮನೆಯ ಹಿರಿಯಜ್ಜಿಯೊಬ್ಬಳೇ ಕೇಳಬೇಕಾದ್ದನ್ನು ಕೇಳಿದಳು: "ತಕ್ಕಡಿ ಆಮ್ಯಾಲ ಹಿಡೀರಿ. ಕೂಸು ಆಡಾಕತ್ತೈತೇನವಾ, ಅದನ್ನ ಮೊದಲ ಹೇಳು."

ಅಕ್ಷರ ಕಲಿಯದ ಆ ಮುದುಕಿಯ ಪ್ರಶ್ನೆಯನ್ನೇ ವೈದ್ಯರೂ ಕೇಳುತ್ತಾರೆ. ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ಒಂದು ಪ್ರಸಂಗವಿದೆ. ಗರ್ಭದಲ್ಲಿದ್ದ ವರ್ಧಮಾನನು ತನ್ನ ಚಲನೆಯಿಂದ ತಾಯಿಗೆ ನೋವಾಗದಿರಲಿ ಎಂಬ ಕರುಣೆಯಿಂದ ಅಲುಗಾಡದೆ ಉಳಿದನಂತೆ. ತ್ರಿಶಲಾದೇವಿ ಗರ್ಭಕ್ಕೆ ಕೇಡಾಯಿತೆಂದು ಶೋಕಿಸಿದಳು. ಅರಮನೆಯ ವಾದ್ಯಗಳು ನಿಂತವು. ಅದನ್ನು ತಿಳಿದು ಶಿಶು ಅಲುಗಿದಾಗ ಅವಳ ಜೀವಕ್ಕೆ ಸಮಾಧಾನವಾಯಿತು. ದಿಗಂಬರ ಪುರಾಣಗಳನ್ನು ಓದಿದವರಿಗೆ ಈ ಕಥೆ ಅಪರಿಚಿತವಾಗಿರಬಹುದು. ಆದರೂ ಇದರಲ್ಲಿ ಒಂದು ಲೋಕಸತ್ಯವಿದೆ: ತಾಯಿಯ ಭಯ ಭ್ರಮೆಯಲ್ಲ, ಶಿಶುವಿನ ಸ್ತಬ್ಧತೆ ಕಡೆಗಣಿಸುವ ವಿಷಯವಲ್ಲ. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಕೂಸಿನ ಆಟವನ್ನು ಎಣಿಸಬೇಕು. ಎರಡು ಗಂಟೆಗಳಲ್ಲಿ ಹತ್ತು ಸಲವಾದರೂ ಆಡಬೇಕೆಂಬುದು ರೂಢಿಯಲ್ಲಿರುವ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ, ಅಥವಾ ದಿನನಿತ್ಯದ ಆಟಕ್ಕಿಂತ ಬೇರೆಯೆನಿಸಿದರೆ, ಬೆಳಗಾಗಲೆಂದು ಕಾಯದೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು. ಕರ್ನಾಟಕದಲ್ಲಿ 2008ರಿಂದ 108ರ ವಾಹನ ಕರೆದಲ್ಲಿಗೆ ಬರುತ್ತಿದೆ. ಅರ್ಧರಾತ್ರಿಯಲ್ಲಿ ಅದನ್ನು ಕರೆಯಲು ಸಂಕೋಚ ಬೇಡ.

ಆ ಹುಡುಗಿಯ ಕೂಸು ಆಡುತ್ತಿತ್ತು. ಬೆಳಗಾವಿಗೆ ಕರೆದೊಯ್ದು ತೋರಿಸಿದರು. ಅಂದಾಜು ತೂಕ 1 ಕಿಲೊ 750 ಗ್ರಾಂ. ಹೊಕ್ಕುಳ ಬಳ್ಳಿಯ ಹರಿವು ಸರಿಯಾಗಿತ್ತು. ತಾಯಿಯ ರಕ್ತದಲ್ಲಿ ಹಿಮೋಗ್ಲೋಬಿನ್ 8.8 ಮಾತ್ರ. ಯಾವ ಕಾರಣದಿಂದ ಕೂಸು ಸಣ್ಣದಾಯಿತೆಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಹೇಳುವುದು ಸಾಧ್ಯವೂ ಇರಲಿಲ್ಲ. ಅತ್ತೆಯೂ ತಾಯಿಯೂ ಮೂರು ದಿನ ನಡೆಸಿದ ವಿಚಾರಣೆಗೆ ಆಧಾರವೇ ಇರಲಿಲ್ಲವೆಂದು ಇದರಿಂದ ತಿಳಿಯಿತು.

ಹಾಗೆಂದು ಮನೆಯವರಿಗೆ ಹೊಣೆಯಿಲ್ಲವೆಂದಲ್ಲ. ಉಮಾಸ್ವಾಮಿಗಳು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರ ಹೇರುವುದನ್ನೂ ಅನ್ನಪಾನಗಳಿಗೆ ತಡೆಯೊಡ್ಡುವುದನ್ನೂ ಹೇಳಿದ್ದಾರೆ. ಇವನ್ನು ಎತ್ತು ಎಮ್ಮೆಗಳ ವಿಷಯಕ್ಕೆ ಸೀಮಿತಗೊಳಿಸಿ ಅರ್ಥ ಹೇಳುವ ವಾಡಿಕೆಯಿದೆ. ಎತ್ತಿನ ಬೆನ್ನ ಮೇಲೆ ಒಂದು ಚೀಲ ಹೆಚ್ಚಾದರೆ ಮರುಗುವ ಮನೆಯಲ್ಲಿ, ಬಸುರಿ ಸೊಸೆ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದರೆ ಅದು ಯಾವ ಅತಿಚಾರ? ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾದೀತೆಂದು ತುತ್ತು ಎಣಿಸುವ ಹಿರಿಯರು ಇಂದಿಗೂ ಇದ್ದಾರೆ. ಕೂಸು ಸಣ್ಣದೆಂದು ತಿಳಿದ ದಿನ ಕಣ್ಣೀರು ಹಾಕುವವರೂ ಅವರೇ. ಮಗಳು ಬಸುರಿಯಾದಾಗ ಹಾಲುತುಪ್ಪ, ಸೊಸೆ ಬಸುರಿಯಾದಾಗ ಉಪದೇಶ ಎಂಬುದು ಕೊಡುವುದಕ್ಕೊಂದು ಕೊಳ್ಳುವುದಕ್ಕೊಂದು ಇಡುವ ಅಳತೆಯೇ ಆಗಿದೆ.

ವ್ರತೋಪವಾಸಗಳ ವಿಷಯದಲ್ಲಿಯೂ ಶಾಸ್ತ್ರದ ನುಡಿ ಸ್ಪಷ್ಟವಾಗಿದೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿಯನ್ನು ಅನುಸರಿಸಿ ಎಂಬ ಮಾತು ಅದರೊಡನೆಯೇ ಬಂದಿದೆ. ಎರಡು ಜೀವಗಳನ್ನು ಪೋಷಿಸುವ ದೇಹದ ಶಕ್ತಿ ಆ ಪೋಷಣೆಗೇ ಮೀಸಲು. ರಾತ್ರಿಭೋಜನ ತ್ಯಾಗವಿದ್ದರೆ ಹಗಲಿನಲ್ಲಿ ನಾಲ್ಕು ಸಲ ಉಣ್ಣಲಿ. ಬೇಳೆ, ಕಾಳು, ಹಾಲು, ಶೇಂಗಾ, ಹಸಿರು ಪಲ್ಯಗಳಿಗೆ ಕೊರತೆ ಬೇಡ. ಕಬ್ಬಿಣಾಂಶದ ಗುಳಿಗೆಗಳನ್ನು 180 ದಿನ ತಪ್ಪದೆ ನುಂಗಲಿ. ಈ ಗಡಿಭಾಗದ ಕೆಲವು ಹೆಣ್ಣುಮಕ್ಕಳಿಗೆ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುವ ಚಟವಿದೆ. ಮುಂಬಯಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಗೆಯಿಲ್ಲದ ತಂಬಾಕು ಬಳಸುವ ತಾಯಂದಿರ ಶಿಶುಗಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು. ಇಂಥದನ್ನು ಬಿಡಿಸುವುದೇ ನಿಜವಾದ ವ್ರತ.

ಆದರೆ ಒಂಬತ್ತನೆಯ ತಿಂಗಳಿನಲ್ಲಿ ಗಾಬರಿಯಾಗಿ ತುಪ್ಪ ಸುರಿಯುವುದರಿಂದ ಹಿಂದಿನ ಕೊರತೆ ತುಂಬದು. ಗ್ವಾಟೆಮಾಲಾ, ಪಾಕಿಸ್ತಾನ, ಕಾಂಗೊ ದೇಶಗಳೊಡನೆ ಬೆಳಗಾವಿ ಭಾಗದ ಹಳ್ಳಿಗಳ ಹೆಣ್ಣುಮಕ್ಕಳೂ ಪಾಲ್ಗೊಂಡ ಒಂದು ಸಂಶೋಧನೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ಪೂರಕ ಪೋಷಣೆ ಆರಂಭಿಸಿದವರ ಶಿಶುಗಳು ಹುಟ್ಟುವಾಗ ಹೆಚ್ಚು ಉದ್ದವಿದ್ದವು. ಸಣ್ಣ ಶಿಶುಗಳ ಪ್ರಮಾಣವೂ ಕಡಿಮೆಯಾಯಿತು. ಕೂಸಿನ ತೂಕದ ಲೆಕ್ಕ ಕುಬಸದ ದಿನ ಪ್ರಾರಂಭವಾಗುವುದಿಲ್ಲ. ಹೆಣ್ಣುಮಗಳ ತಾಟಿಗೆ ಎಷ್ಟು ಬಡಿಸಿದರು ಎಂಬಲ್ಲಿ, ಎಷ್ಟೋ ಮೊದಲೇ ಆರಂಭವಾಗಿರುತ್ತದೆ. ಜೊತೆಗೆ ರಕ್ತದೊತ್ತಡದ ಪರೀಕ್ಷೆ ತಪ್ಪಬಾರದು. ಒತ್ತಡ ಏರಿ ಮಾಸು ಸೋತಾಗ ಊಟದಿಂದ ಅದು ಸರಿಹೋಗದು. ಸಕಾಲದಲ್ಲಿ ಹೆರಿಗೆ ಮಾಡಿಸುವುದೇ ಉಪಾಯವಾಗಬಹುದು. ವೈದ್ಯರು 37ನೆಯ ವಾರದಲ್ಲಿಯೇ ಹೆರಿಗೆ ಆಗಲಿ ಎಂದರೆ, ದಿನ ತುಂಬಿಲ್ಲವೆಂದೋ ಮುಹೂರ್ತ ಸರಿಯಿಲ್ಲವೆಂದೋ ಜಗ್ಗುವುದು ಸಲ್ಲದು.

ಆ ಹುಡುಗಿಯ ವಿಷಯದಲ್ಲಿಯೂ ಹೀಗೇ ಆಯಿತು. ಎರಡು ವಾರಗಳ ಮೇಲೆ ನೋಡಿದಾಗ ಕೂಸು ಬೆಳೆದಿತ್ತು, ಆದರೆ ನಿಧಾನವಾಗಿ. 37 ವಾರಗಳು ತುಂಬಿದ ಮೇಲೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣುಕೂಸು, ತೂಕ 2 ಕಿಲೊ 150 ಗ್ರಾಂ.

ಎರಡೂವರೆ ಕಿಲೊಗಿಂತ ಕಡಿಮೆ ತೂಕದ ಶಿಶುವನ್ನು ವಿಶ್ವ ಆರೋಗ್ಯ ಸಂಸ್ಥೆ ಕಡಿಮೆ ತೂಕದ್ದೆಂದು ಎಣಿಸುತ್ತದೆ. ಅಂಥ ಶಿಶುವಿಗೆ ಮೊದಲು ಬೇಕಾದುದು ಬೆಚ್ಚನೆಯ ಮೈ, ತಾಯಿಯ ಹಾಲು, ಶುಚಿಯಾದ ಕೈ. ತಾಯಿಯ ಎದೆಗೆ ಬರಿಮೈಯನ್ನು ತಾಗಿಸಿ ಕಟ್ಟಿಕೊಳ್ಳುವ ಕಾಂಗರೂ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾಯಿತು. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ವ್ಯಾಪಕವಾಗಿ ನಡೆಸಿ ನೋಡಿದ್ದಾರೆ. ತೀರ ಸಣ್ಣ ಶಿಶುಗಳಿಗೆ ಹುಟ್ಟಿದ ಕೂಡಲೇ ಇದನ್ನು ಪ್ರಾರಂಭಿಸಿದರೆ ಸಾವು 100ಕ್ಕೆ 25ರಷ್ಟು ತಗ್ಗುವುದೆಂದು, ಭಾರತವೂ ಸೇರಿದ ಐದು ದೇಶಗಳ ಅಧ್ಯಯನ 2021ರಲ್ಲಿ ತೋರಿಸಿತು. ಇದಕ್ಕೆ ದುಡ್ಡಿನ ಖರ್ಚಿಲ್ಲ. ಬೇಕಾದುದು ಬಿಡುವು ಮಾತ್ರ. ಬಾಣಂತಿಗೆ ಆ ಬಿಡುವನ್ನು ಕೊಡುವವರು ಮನೆಯವರೇ. ತಂದೆಯೂ ಅಜ್ಜಿಯೂ ಕೂಸನ್ನು ಎದೆಗೆ ಕಟ್ಟಿಕೊಳ್ಳಬಹುದು. ಮೊದಲ ಹಾಲನ್ನು ಚೆಲ್ಲುವುದು, ಜೇನು ನೆಕ್ಕಿಸುವುದು, ಹುಟ್ಟಿದ ದಿನವೇ ಮೀಸುವುದು ಇವು ಪದ್ಧತಿಯಾಗಿದ್ದರೂ ಬಿಡತಕ್ಕವು.

ಆದುದರಿಂದ ವಿವೇಕಿಗಳಾದ ಗೃಹಸ್ಥರು ಗಮನಿಸಬೇಕಾದುದಿಷ್ಟು. ಅಳತೆ ಕಡಿಮೆ ಬಂದರೆ ಅದು ತಾಯಿಯ ಮೇಲಿನ ತೀರ್ಪಲ್ಲ. ಮನೆಗೆ ಬಂದ ಸೂಚನೆ. ಕೂಸು ಆಡುತ್ತಿದೆಯೇ, ಮುಂದಿನ ಪರೀಕ್ಷೆ ಯಾವ ದಿನ, ಜೊತೆಗೆ ಹೋಗುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಲಿ. ಯಾರ ತಪ್ಪು ಎಂಬ ನಾಲ್ಕನೆಯ ಪ್ರಶ್ನೆಯನ್ನು ಬಸುರಿಯ ಕಿವಿಗೆ ಬೀಳದಂತೆ ಪ್ರತಿಯೊಬ್ಬನೂ ತನ್ನನ್ನೇ ಕೇಳಿಕೊಳ್ಳಲಿ.