ಹಾಡಿಯ ಕಿಸ್ಕಾರ

ಬ್ರಹ್ಮಾವರದಿಂದ ಕುಂದಾಪುರದ ಮೇಲೆ ಬೈಂದೂರಿಗೆ 50 ಕಿ.ಮೀ.ಗೂ ಹೆಚ್ಚು ದಾರಿ. ಮರವಂತೆ ಬಂದಾಗ ಬಸ್ಸಿನಲ್ಲಿದ್ದವರೆಲ್ಲ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ ನೋಡುತ್ತಾರೆ. ಮಕ್ಕಳೇ, ಅಲ್ಲಿಂದ ಮುಂದೆ ಒತ್ತಿನೆಣೆಯ ಗುಡ್ಡವನ್ನೂ ನೋಡಿ. ಕೆಂಪು ಕಲ್ಲಿನ ಸಂದಿಯಲ್ಲಿ ಕೆಂಡದ ಹಾಗೆ ಹೊಳೆಯುವ ಹೂ ಕಂಡರೆ ಅದೇ ಕಿಸ್ಕಾರ.

ಹಳಗನ್ನಡದಲ್ಲಿ 'ಕಿಸು' ಎಂದರೆ ಕೆಂಪು. ಪಟ್ಟದಕಲ್ಲಿಗೆ ಕಿಸುವೊಳಲ್ ಎಂಬ ಹೆಸರಿದ್ದುದು ನಿಮಗೆ ಗೊತ್ತಿರಬಹುದು. ಬ್ರಹ್ಮಾವರದ ಕಡೆ ತುಳು ಮಾತನಾಡುವವರಿಗೆ ಇದು ಕೇಪುಳ. ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಇಕ್ಸೋರಾ ಕಾಕ್ಸಿನಿಯ. ಇಕ್ಸೋರಾ ಎಂದರೆ ನಮ್ಮ 'ಈಶ್ವರ'ನೇ, ಪರದೇಶದವರ ಬಾಯಲ್ಲಿ ಹಾಗಾಗಿದ್ದಾನೆ!

ಇದರ ಮನೆ ಮುರಕಲ್ಲಿನ ಗುಡ್ಡ, ಅದರ ಮೇಲಿನ ಕುರುಚಲು ಹಾಡಿ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ. ಲ್ಯಾಟಿನ್ನಿನಲ್ಲಿ ಅದರ ಮೂಲಪದಕ್ಕೆ ಇಟ್ಟಿಗೆ ಎಂದರ್ಥ. ನೆಲದಲ್ಲಿರುವಾಗ ಮೆದು, ಕಡಿದು ಗಾಳಿಗಿಟ್ಟರೆ ಗಟ್ಟಿ. ಮೈತುಂಬ ತೂತು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿದರೂ ನೀರು ಒಳಗಿಳಿದುಬಿಡುತ್ತದೆ. ಏಪ್ರಿಲ್‌ನಲ್ಲಿ ಅದೇ ಕಲ್ಲು ಕಾದ ಕಾವಲಿ. ದಪ್ಪ ಎಲೆಯ ಕಿಸ್ಕಾರ ಮಾತ್ರ ಆಗಲೂ ಹೂ ಬಿಟ್ಟು ನಿಂತಿರುತ್ತದೆ.

ಬ್ಯಾಂಕಿನಲ್ಲಿ ನೋಟು ಎಣಿಸಿದ ಕೈ ನನ್ನದು. ಒಮ್ಮೆ ಒಂದು ಗೊಂಚಲಿನ ಹೂ ಎಣಿಸಿದೆ: 46 ಇತ್ತು. ಪ್ರತಿ ಹೂವಿಗೂ ನಾಲ್ಕೇ ಎಸಳು, ಕೆಳಗೆ ಸೂಜಿಯಂಥ ಉದ್ದ ಕೊಳವೆ. ಜೇನು ಅದರ ತಳದಲ್ಲಿ. ಉದ್ದ ನಾಲಿಗೆಯ ಚಿಟ್ಟೆಗೆ ಸುಲಭ. ನಾವು ನಡುವಿನ ಎಳೆಯನ್ನು ಮೆಲ್ಲಗೆ ಎಳೆದು ತುದಿ ಚೀಪುತ್ತಿದ್ದೆವು. ಬೇಸಿಗೆಯಲ್ಲಿ ಬಟಾಣಿ ಗಾತ್ರದ ಹಣ್ಣು ಕಪ್ಪುಗೆಂಪಾಗುತ್ತದೆ. ಸಿಹಿ, ಕೊಂಚ ಒಗರು. ಪಿಕಳಾರಗಳಿಗೂ ಅದು ಇಷ್ಟ. ಬೀಜ ಬಿತ್ತುವವರೂ ಅವೇ. ಮನೆಯಲ್ಲಿ ಅಮ್ಮ ಹೂವನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿತುರಿ ಜೊತೆ ಅರೆದು, ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತಿದ್ದರು.

ಈಗ ಹಾಡಿಗಳ ಲೆಕ್ಕ ಖರ್ಚಿನ ಕಡೆಗೇ ಹೋಗುತ್ತಿದೆ. ಕೆಲವು ಗುಡ್ಡಗಳು ಕಲ್ಲುಕೋರೆಯಾದವು, ಕೆಲವು ಸೈಟುಗಳಾದವು. ಇನ್ನು ಕೆಲವೆಡೆ ಆಸ್ಟ್ರೇಲಿಯಾ ಕಡೆಯ ಅಕೇಶಿಯಾ ಸಾಲಾಗಿ ನಿಂತಿದೆ. ಅದರ ಬುಡದಲ್ಲಿ ಒಣ ಎಲೆಯ ದಪ್ಪ ಹಾಸು. ಹೂವಿನ ಗಿಡ ಹುಡುಕಬೇಕು. ಗುಡ್ಡ ಕರಗಿದರೆ ಹೋಗುವುದು ಹೂವೊಂದೇ ಅಲ್ಲ. ಆ ತೂತುಕಲ್ಲು ಮಳೆಗಾಲದಲ್ಲಿ ಕುಡಿದ ನೀರೇ ಕೆಳಗಿನ ಬಾವಿಗಳಿಗೆ ಬರುವುದು. ಗುಡ್ಡವೆಂಬುದು ಊರಿನ ಠೇವಣಿ. ಬಡ್ಡಿ ತಿನ್ನಬಹುದು, ಅಸಲನ್ನೇ ತೆಗೆದರೆ ಮೊಮ್ಮಕ್ಕಳಿಗೆ ಏನು ಉಳಿದೀತು?

ಈ ಬೇಸಿಗೆ ರಜೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಹತ್ತಿರದ ಹಾಡಿಗೆ ಕರೆದುಕೊಂಡು ಹೋಗಿ. ಅವರು ಗುರುತಿಸಿ ಕೊಟ್ಟ ಹಣ್ಣನ್ನಷ್ಟೇ ತಿನ್ನಿ. ಒಂದೊಂದು ಹಣ್ಣಿನಲ್ಲಿ ಎರಡು ಬೀಜ. ಮಳೆ ಹಿಡಿಯುವ ಮೊದಲು ಅವನ್ನು ಅಂಗಳದ ಅಂಚಿನಲ್ಲಿ ಊರಿ. ಹೂ ಬಿಡಲು ವರ್ಷಗಳು ಬೇಕು, ಚಿಂತೆಯಿಲ್ಲ. ನಿಮ್ಮ ಹತ್ತಿರ ವರ್ಷಗಳಿವೆಯಲ್ಲ!